ಗಡಿಯಾರದ ಸಾಬರ ಮನೆಯ ಹಲ್ಲು

ಡಾಕ್ಟರಿಂದ ವಾಪಸ್ ಬಂದ ಪಿಂಗಾಣಿ ಹಲ್ಲನ್ನು ಮೆಹರೀನ್ ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟಳು. ಮುದ್ದೆ ಬಡಿಸುತ್ತಿದ್ದ ತಾಯಿ ಖುರ್ಷಿದ್ ಬೇಗಂ ಕೈ ನಿಲ್ಲಿಸಿದರು.

"ಉಣ್ಣೋ ಜಾಗದಲ್ಲಿ ಯಾರದೋ ಹಲ್ಲು ತಂದಿಕ್ತೀಯಲ್ಲೇ, ಅಸಹ್ಯ ಆಗಲ್ವಾ?"

"ಇದು ಇನ್ನೂ ಯಾರ ಬಾಯಿಗೂ ಹೋಗಿಲ್ಲ ಅಮ್ಮಿ. ಹೋಗಿದ್ರೆ ಇಲ್ಯಾಕೆ ಇರ್ತಿತ್ತು? ಈ ತಿಂಗಳಲ್ಲಿ ಇದು ಮೂರನೇದು."

ತಂದೆ ಫಕ್ರುದ್ದೀನ್ ಹಲ್ಲನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದರು. ಜೇಬಿನಲ್ಲಿ ಸದಾ ಇರುತ್ತಿದ್ದ ಗಡಿಯಾರದವರ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಎಲ್ಲಿ ಕೆಟ್ಟಿದೆಯಮ್ಮ?"

"ಬುಡದಲ್ಲಿ ನೋಡಿ ಅಬ್ಬ. ಬೂದು ಚುಕ್ಕೆ. ಒಂದಲ್ಲ, ಮೂರಿವೆ."

"ಹೂಂ," ಎಂದು ಹಲ್ಲನ್ನು ತಂದು ಮೊದಲಿದ್ದಲ್ಲೇ ಇಟ್ಟರು. ಊಟಕ್ಕೆ ಕೂತರು.

ಕಿಬ್ಬನಹಳ್ಳಿ ಕ್ರಾಸಿನ ಗ್ಯಾರೇಜಿನಿಂದ ಅಣ್ಣ ಇಮ್ದಾದ್ ಬಂದದ್ದು ಅದೇ ಹೊತ್ತಿಗೆ. ಸೀಮೆಎಣ್ಣೆಯಲ್ಲಿ ಕೈ ಉಜ್ಜುತ್ತಲೇ ವಿಷಯ ಕೇಳಿದ. "ಬುಡು ಅತ್ಲಾಗೆ. ನೀನು ಹಲ್ಲು ಕಟ್ಟೋ ರೂಮಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಡಾಣ ಅಂತ ಒಂದು ವರ್ಷದಿಂದ ಬಡ್ಕೋತಿದೀನಿ. ಕ್ಲಚ್ ಪ್ಲೇಟಲ್ಲಿ ಚುಕ್ಕೆ ಅದೆ ಅಂತ ಯಾವನೂ ವಾಪಸ್ ತರಲ್ಲ ಕಣೇ."

"ನಿನ್ನ ಕ್ಲಚ್ ಪ್ಲೇಟು ಹಾಕ್ಕೊಂಡು ಯಾರೂ ನಗಲ್ಲ ಭಾಯ್."

ತಿಪಟೂರಿನ ಕೊಬ್ಬರಿ ಗೋದಾಮುಗಳ ಹಿಂದಿನ ಗಲ್ಲಿಯಲ್ಲಿತ್ತು ಆ ಮನೆ. ಊರಿಗೆಲ್ಲ ಅದು ಗಡಿಯಾರದ ಸಾಬರ ಮನೆ. ಫಕ್ರುದ್ದೀನ್ ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಜನ ಅಗ್ಗದ ಬ್ಯಾಟರಿ ವಾಚು ಕಟ್ಟಿಕೊಂಡು, ಕೆಟ್ಟರೆ ಎಸೆದು ಇನ್ನೊಂದು ಕೊಳ್ಳತೊಡಗಿದ ಮೇಲೆ ಸ್ಟೂಲು, ಮೇಜು ಹೊತ್ತುಕೊಂಡು ಮನೆಗೆ ಬಂದರು. ಅದೇ ಹೊತ್ತಿಗೆ ಮಗಳು ಬೆಂಗಳೂರಿನಲ್ಲಿ ಹಲ್ಲು ಕಟ್ಟುವ ಕೆಲಸ ಕಲಿತು, ಯಾವುದೋ ಲ್ಯಾಬಿನಲ್ಲಿ ಬಳಸಿ ಬಿಟ್ಟಿದ್ದ, ಹಲ್ಲು ಸುಡುವ ಪುಟ್ಟ ಫರ್ನೇಸೊಂದನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬಂದಿಳಿದಳು. ಬೀದಿ ಕಡೆಯ ಕೋಣೆ ಲ್ಯಾಬಾಯಿತು. ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ಆಗ ಸುತ್ತಮುತ್ತ ಪಿಂಗಾಣಿ ಹಲ್ಲು ಕಟ್ಟುವವರು ಬೇರೆ ಯಾರೂ ಇರಲಿಲ್ಲ.

ಮೊದಮೊದಲು ಸಾಬರು ಸುಮ್ಮನೆ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಲೋಹದ ಪುಟ್ಟ ಟೋಪಿ, ಅದರ ಮೇಲೆ ನೀರಿನಲ್ಲಿ ಕಲಸಿದ ಪಿಂಗಾಣಿ ಪುಡಿ. ಅದನ್ನು ಬ್ರಶ್ಶಿನ ತುದಿಯಿಂದ ಪದರ ಪದರವಾಗಿ ಏರಿಸಿ, ಮೆಲ್ಲಗೆ ತಟ್ಟಿ ನೀರು ಹೀರಿ, ಒಂಬೈನೂರು ಡಿಗ್ರಿಗೂ ಮಿಕ್ಕಿ ಸುಟ್ಟರೆ ಹಲ್ಲು. ಒಂದು ದಿನ ಮಗಳ ಕೈಯಿಂದ ಬ್ರಶ್ಶು ಇಸಕೊಂಡರು, ಮತ್ತೆ ವಾಪಸ್ ಕೊಡಲಿಲ್ಲ. ಆರು ತಿಂಗಳಲ್ಲಿ ಅವಳನ್ನೇ ಮೀರಿಸಿದರು. ಲೋಹ, ಬಣ್ಣ, ಫರ್ನೇಸು ಅವಳದು. ಹಲ್ಲಿಗೆ ರೂಪ ಕೊಡುವುದು ಅವರದು.

ಪಿಂಗಾಣಿ ಪುಡಿಯದು ಮಾತ್ರ ಅತಿಯಾದ ಮಡಿ. ಒಂದೆಳೆ ನೂಲು, ಬೆರಳಿನ ಎಣ್ಣೆ ಪಸೆ, ಲೋಹ ಉಜ್ಜಿದ ಧೂಳು, ಏನು ಬೆರೆತರೂ ಸುಟ್ಟ ಮೇಲೆ ಚುಕ್ಕೆಯಾಗಿ ಎದ್ದು ಕೂರುತ್ತದೆ. ಬ್ರಶ್ಶನ್ನು ಡಿಸ್ಟಿಲ್ ವಾಟರಿನಲ್ಲೇ ತೊಳೆಯಬೇಕು. ಒದ್ದೆ ಕಾಗದದಲ್ಲಿ ತುದಿ ಚೂಪು ಮಾಡಬೇಕು, ಅಪ್ಪಿತಪ್ಪಿಯೂ ಬಾಯಿಗೆ ಇಡಬಾರದು. ಕೂದಲು ಮೇಲೆ ಮಾಡಿ ಲೋಟದಲ್ಲಿ ನಿಲ್ಲಿಸಬೇಕು. ಪುಡಿ ಕಲಸುವ ಗಾಜಿನ ಹಲಗೆಗೆ ಬಟ್ಟೆ ಸೋಕಿಸಬಾರದು. ಮೆಹರೀನ್ ಇದನ್ನೆಲ್ಲ ದಿನಕ್ಕೆ ಮೂರು ಸಲ ಹೇಳುತ್ತಿದ್ದಳು. "ಆಯ್ತು ಟೀಚರಮ್ಮ," ಎನ್ನುತ್ತಿದ್ದರು ಸಾಬರು. ಅವಳ ಮಾತಿಗೆ ಕಟ್ಟುಬಿದ್ದು ಮೂವತ್ತು ವರ್ಷದ ಎಲೆ ಅಡಿಕೆಯನ್ನೂ ಬಿಟ್ಟಿದ್ದರು. ಮಗಳಿಗೋಸ್ಕರ ಎಲೆ ಬಿಟ್ಟ ಸಾಬರು ಅಂತ ಗಲ್ಲಿಯಲ್ಲಿ ಅವರಿಗೊಂದು ಹೆಸರೇ ಬಂದಿತ್ತು.

ಮಾರನೆಯ ದಿನ ಡಾಕ್ಟರ್ ತಿಪ್ಪೇಸ್ವಾಮಿ ಮೆಹರೀನ್‌ಳನ್ನು ಕರೆಸಿದರು. ಲ್ಯಾಬಿನ ಮುಕ್ಕಾಲು ಕೆಲಸ ಬರುತ್ತಿದ್ದುದು ಅವರಿಂದಲೇ.

"ನೋಡಮ್ಮ, ಕಂದಿಕೆರೆ ಹುಡುಗಿ ಮೊಪೆಡ್‌ನಿಂದ ಬಿದ್ದು ಮುಂದಿನ ಎರಡು ಹಲ್ಲು ಮುರ್ಕೊಂಡವಳೆ. ಮೂರು ವಾರಕ್ಕೆ ಮದುವೆ. ಇದರಲ್ಲೂ ಚುಕ್ಕೆ ಬಂತು ಅಂದ್ರೆ ಬೇಜಾರು ಮಾಡ್ಕೋಬೇಡ, ಆಮೇಲೆ ನನ್ನ ಕೆಲಸವೆಲ್ಲ ಬೆಂಗಳೂರಿಗೇ ಕಳಿಸ್ತೀನಿ."

ಅವಳು ಮನೆಗೆ ಬಂದು ಹೇಳಿದಳು. ಇಮ್ದಾದ್ ಅಪ್ಪನ ಎದುರೇ ಕೇಳಿದ: "ಹಂಗೇನಾದ್ರೂ ಆದ್ರೆ ರೂಮು ನಂಗೆ. ಈಗ್ಲೇ ಹೇಳ್ಬುಡಿ."

"ಆಯ್ತು, ತಗೋ," ಎಂದಳು ಮೆಹರೀನ್, ಅಪ್ಪ ಬಾಯಿ ಬಿಡುವ ಮೊದಲೇ. ಅವಳದು ಅಂಥ ಹಟ. ಹೇಳಿಬಿಟ್ಟ ಮೇಲೆ ಲೆಕ್ಕ ಹಾಕಿದಳು. ಲ್ಯಾಬು ಹೋದರೆ ಅವಳು ಮತ್ತೆ ಬೆಂಗಳೂರಿನಲ್ಲಿ ಯಾರದೋ ಕೈಕೆಳಗೆ ಲೋಹ ಉಜ್ಜಲು ಹೋಗಬೇಕಿತ್ತು. ಅಬ್ಬ ಮತ್ತೆ ಖಾಲಿ ಕೈಯಲ್ಲಿ ಜಗಲಿಗೆ ಕೂರಬೇಕಿತ್ತು.

ಮೊದಲ ಅನುಮಾನ ಬಿದ್ದದ್ದು ನೀರಿನ ಮೇಲೆ. ಡಿಸ್ಟಿಲ್ ವಾಟರನ್ನು ಇಮ್ದಾದ್ ತನ್ನ ಗ್ಯಾರೇಜಿನಿಂದ, ಬ್ಯಾಟರಿಗೆ ಹಾಕುವ ಕ್ಯಾನಿನಿಂದಲೇ ತಂದುಕೊಡುತ್ತಿದ್ದ. ಮೆಹರೀನ್ ಅದನ್ನು ಹಿತ್ತಲ ಬಚ್ಚಲಿಗೆ ಸುರಿದಳು.

"ಏನೇ ಅದು? ನಾನು ಹೊತ್ಕೊಂಡು ಬಂದಿದ್ದು!"

"ಇದರಲ್ಲಿ ಆಸಿಡ್ ಸೇರಿದ್ರೆ?"

"ಸೇರೈತೆ ಅಂತ ಯಾವನು ಹೇಳ್ದ? ನಿನ್ನ ಹಲ್ಲು ಕೆಟ್ರೆ ನನ್ನ ಗ್ಯಾರೇಜು ಕೆಟ್ಟದ್ದಾ? ಇನ್ಮೇಲೆ ಒಂದು ತೊಟ್ಟು ತಂದ್ರೆ ಕೇಳು."

ಮೆಡಿಕಲ್ ಶಾಪಿನಿಂದ ಸೀಲು ಒಡೆಯದ ಬಾಟಲಿ ಬಂತು. ಆ ಗುರುವಾರ ಮೆಹರೀನ್ ಎಂದಿನಂತೆ ತುರುವೇಕೆರೆಗೆ ಹೋಗಿ ಅಲ್ಲಿಯ ಡಾಕ್ಟರಿಗೆ ಹಲ್ಲುಸೆಟ್ಟು ಕೊಟ್ಟು ಸಂಜೆ ಬಂದಳು. ಅಬ್ಬ ಕಟ್ಟಿಟ್ಟಿದ್ದ ದವಡೆ ಹಲ್ಲನ್ನು ಸುಟ್ಟು ತೆಗೆದರೆ, ಅಲ್ಲಿ ಮತ್ತೆ ಎರಡು ಚುಕ್ಕೆ.

ಅವಳಿಗೆ ಅನ್ನ ಸೇರದಾಯಿತು. ಫರ್ನೇಸನ್ನು ಖಾಲಿ ಉರಿಸಿ ಒಳಗಿನ ಕಿಲುಬು ಕಳೆದಳು. ತಟ್ಟೆ, ಚಿಮಟ, ಕೆತ್ತುವ ಉಳಿ ಎಲ್ಲವನ್ನೂ ಬಿಸಿನೀರಲ್ಲಿ ಕುದಿಸಿದಳು. ಪಕ್ಕದ ಗೋದಾಮಿನಲ್ಲಿ ಕೊಬ್ಬರಿ ಚೀಲ ಕೊಡವುತ್ತಾರೆ ಅಂತ ಕಿಟಕಿ ಮುಚ್ಚಿಸಿ ಅಬ್ಬನನ್ನು ಸೆಖೆಯಲ್ಲಿ ಬೇಯಿಸಿದಳು. ಅಬ್ಬ ಎರಡು ದಿನ ಸಹಿಸಿ, ಮೂರನೇ ದಿನ ಅವಳು ಬಚ್ಚಲಿಗೆ ಹೋದಾಗ ಕಿಟಕಿ ತೆಗೆದರು.

ಎರಡನೇ ಗುರುವಾರ ಅವಳು ತುರುವೇಕೆರೆಯಿಂದ ಬಂದು ಚಪ್ಪಲಿ ಬಿಡುತ್ತಿರುವಾಗ ಮನೆಯೆಲ್ಲ ಲೋಬಾನದ ಹೊಗೆ. ಖುರ್ಷಿದ್ ಬೇಗಂ ಪ್ರತಿ ಗುರುವಾರ ಸಂಜೆ ಕೆಂಡದ ಮೇಲೆ ಲೋಬಾನ ಉದುರಿಸಿ, ತಲೆ ತುಂಬ ಸೆರಗು ಹೊದ್ದು ಕೋಣೆ ಕೋಣೆಗೂ ಹೊಗೆ ಹಿಡಿಯುತ್ತಿದ್ದರು. ಅವರ ಅತ್ತೆಯ ಕಾಲದಿಂದಲೂ ಆ ಮನೆಯಲ್ಲಿ ಒಂದು ಗುರುವಾರ ತಪ್ಪಿದ್ದಿಲ್ಲ. ಬಾಗಿಲಲ್ಲೇ ನಿಂತ ಮೆಹರೀನ್ ಹೊಗೆ ಬೀದಿ ಕೋಣೆಗೆ ನುಗ್ಗುವುದನ್ನು ನೋಡಿದಳು. ಕೆಟ್ಟ ಹಲ್ಲುಗಳೆಲ್ಲ ಗುರುವಾರದವೇ ಎಂಬುದು ಆಗ ಹೊಳೆಯಿತು.

"ಅಮ್ಮಿ! ನಿಲ್ಸು ಅದನ್ನ! ಒಂದು ತಿಂಗಳಿಂದ ನೀನೇ ನನ್ನ ಹಲ್ಲು ಸುಡ್ತಾ ಇದೀಯ!"

"ಏನು ಮಾತೇ ಇದು? ಲೋಬಾನ ಹಾಕಿದ್ರೆ ಮನೆಗೆ ಬರಕತ್ತು, ಒಳ್ಳೇದಾಗ್ತದೆ ಕಣೇ."

"ಬರಕತ್ತೆಲ್ಲ ಹಲ್ಲಿನ ಮೇಲೇ ಕೂತದೆ, ಬಂದು ನೋಡು!"

ಕೆಂಡದ ಬಟ್ಟಲು ಹಿಡಿದೇ ಖುರ್ಷಿದ್ ಬೇಗಂ ಗಂಡನ ಕಡೆ ತಿರುಗಿದರು. ಸಾಬರು ಕಾಗದದಲ್ಲಿ ಗಾಜಿನ ಹಲಗೆ ಒರೆಸುತ್ತ ತಲೆ ಎತ್ತದೆಯೇ, "ಅವಳು ಹೇಳೋದ್ರಲ್ಲೂ ಅರ್ಥ ಅದೆ," ಎಂದರು.

ಖುರ್ಷಿದ್ ಬೇಗಂ ಜಗಳಕ್ಕೆ ಹಿಂದೆಗೆಯುವ ಹೆಂಗಸಲ್ಲ. ಆದರೂ ಅಂದು ಗಂಡನನ್ನೇ ಒಂದು ಗಳಿಗೆ ನೋಡಿ, ಹಿತ್ತಲಿಗೆ ಹೋಗಿ ಕೆಂಡದ ಮೇಲೆ ನೀರು ಸುರಿದರು. ಆಮೇಲೆ ಒಂದು ವಾರ ಮನೆಯಲ್ಲಿ ಸಾರಿಗೆ ಉಪ್ಪಿಲ್ಲ, ಮಾತಿಗೆ ಉತ್ತರವಿಲ್ಲ. ಇಮ್ದಾದ್ ಉಪ್ಪಿನ ಡಬ್ಬಿಯನ್ನೇ ಪಕ್ಕಕ್ಕಿಟ್ಟುಕೊಂಡು ಉಂಡ.

"ನಿಮ್ಮಿಬ್ಬರ ಹಲ್ಲಿನ ಜಗಳದಲ್ಲಿ ನನ್ನ ನಾಲಿಗೆ ಸತ್ತೋಯ್ತು," ಎಂದ.

"ಹೋಟ್ಲಲ್ಲಿ ಉಣ್ಣು," ಎಂದರು ಅಮ್ಮಿ. ಆ ವಾರ ಅವರು ಆಡಿದ ಉದ್ದನೆಯ ಮಾತು ಅದೇ.

ಮೂರನೇ ಗುರುವಾರ ಬಂತು. ಸೋಮವಾರ ಮದುವೆ. ಕಂದಿಕೆರೆ ಹುಡುಗಿಯ ಎರಡು ಹಲ್ಲಿನ ಲೋಹ ಸಿದ್ಧ ಮಾಡಿಕೊಟ್ಟು, "ಇವತ್ತು ಲೋಬಾನ ಇಲ್ಲ, ನಿಧಾನಕ್ಕೆ ಕಟ್ಟಿ ಅಬ್ಬ," ಎಂದು ಮೆಹರೀನ್ ಬಸ್ಸು ಹತ್ತಿದಳು. ತುರುವೇಕೆರೆಯ ಡಾಕ್ಟರು ಸಂಪಿಗೆ ಊರಿನ ದೇವಸ್ಥಾನಕ್ಕೆ ಹೋಗಿದ್ದರು, ಕ್ಲಿನಿಕ್ಕು ಬೀಗ. ಬಂದ ಬಸ್ಸಿಗೇ ತಿರುಗಿ ಹತ್ತಿ ಮಧ್ಯಾಹ್ನ ಎರಡಕ್ಕೆಲ್ಲ ಗಲ್ಲಿಗೆ ಬಂದುಬಿಟ್ಟಳು.

ಬೀದಿ ಕೋಣೆಯ ಕಿಟಕಿ ತೆಗೆದಿತ್ತು. ಅಬ್ಬ ಬಾಗಿ ಕೆಲಸ ಮಾಡುತ್ತಿದ್ದರು. ಎಡಗೆನ್ನೆ ಉಬ್ಬಿತ್ತು. ಪುಡಿ ಏರಿಸಿದರು, ತಟ್ಟಿದರು, ಬ್ರಶ್ಶಿನ ತುದಿಯನ್ನು ಎರಡು ತುಟಿಗಳ ನಡುವೆ ಸರ್ರನೆ ಎಳೆದು ಚೂಪು ಮಾಡಿದರು. ಮತ್ತೆ ಪುಡಿ, ಮತ್ತೆ ತುಟಿ. ಗಡಿಯಾರದ ತಿರುಪುಗಳನ್ನು ಮೂವತ್ತು ವರ್ಷ ತುಟಿಯಲ್ಲೇ ಕಚ್ಚಿ ಹಿಡಿದ ಬಾಯಿ ಅದು. ಏನು ಮಾಡುತ್ತಿದ್ದೇನೆ ಎಂಬ ಅರಿವೂ ಅವರಿಗಿದ್ದಂತಿರಲಿಲ್ಲ.

ಮೆಹರೀನ್ ಹಿತ್ತಲಿನಿಂದ ಸುತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ಕೂತಳು. ಅಬ್ಬ ಬಾಯಿ ಮುಕ್ಕಳಿಸಿ ಮಸೀದಿಗೆ ಹೊರಟ ಮೇಲೆ ಬ್ರಶ್ಶನ್ನು ತಂದು ಬಿಳಿ ಟೀ ಕಪ್ಪಿನ ನೀರಲ್ಲಿ ಅದ್ದಿದಳು. ನೀರು ಸಣ್ಣಗೆ ಕೆಂಪಾಯಿತು. ಕಪ್ಪನ್ನು ಅಮ್ಮಿಯ ಮುಂದಿಟ್ಟಳು.

"ಎಲೆ ಯಾರು ತಂದುಕೊಡೋದು?"

ಖುರ್ಷಿದ್ ಬೇಗಂ ಅವರೆಕಾಯಿ ಬಿಡಿಸುತ್ತಲೇ ಇದ್ದರು.

"ಅಮ್ಮಿ, ನಿನ್ನೇ ಕೇಳ್ತಿರೋದು."

"ನಾನೇ ಕಣೇ. ಅಕ್ಕಿ ಡಬ್ಬಿ ಹಿಂದೆ ಅದೆ, ಬೇಕಾದ್ರೆ ನೋಡ್ಕೊ. ನೀನು ಊರಿಗೆ ಹೋದ ದಿನ ಒಂದು ಎಲೆ ಇಸ್ಕೋತಾರೆ. ಚಪಲ, ಹಾಳಾಗೋಗ್ಲಿ ಅಂದ್ಕೊಂಡೆ. ಬ್ರಶ್ಶು ಬಾಯಿಗಿಕ್ಕೋದು ನಂಗೇನು ಗೊತ್ತು?"

"ಮತ್ತೆ ಅವತ್ತು ನಾನು ಅಷ್ಟು ಬೈದ್ರೂ ಸುಮ್ನೆ ಇದ್ಯಲ್ಲ?"

"ಜಗಳ ಬೆಳೆಸಿದ್ರೆ ಅವರ ಎಲೆ ಗುಟ್ಟು ಹೊರಗೆ ಬರ್ತಿತ್ತು. ಗಲ್ಲಿಯೆಲ್ಲ ಹೊಗಳ್ತದೆ ಅವರನ್ನ. ಬೈಗುಳ ನನ್ನ ಮೇಲೇ ಇರ್ಲಿ ಅಂತ ಸುಮ್ನಾದೆ." ಒಂದು ಅವರೆಕಾಯಿ ಬಿಡಿಸಿ ಸಿಪ್ಪೆ ಎಸೆದರು. "ಆದ್ರೆ ಆ ಮನುಷ್ಯ ತಲೆ ತಗ್ಗಿಸ್ಕೊಂಡು 'ಅರ್ಥ ಅದೆ' ಅಂದ್ರಲ್ಲ, ಅದಕ್ಕೆ ನಂಗೆ ಉರಿದೋಯ್ತು."

ಸಂಜೆ ಚಹಾದ ಹೊತ್ತಿಗೆ ಮೆಹರೀನ್ ಕಪ್ಪನ್ನು ಅಬ್ಬನ ಮುಂದಿಟ್ಟಳು. ಸಾಬರು ನೀರು ನೋಡಿದರು, ಮಗಳನ್ನು ನೋಡಿದರು. ಮುಖ ಕೆಂಪಾಯಿತು.

"ಬೇಹುಗಾರಿಕೆ ಮಾಡ್ತೀಯೇನೇ ಅಪ್ಪನ ಮೇಲೆ?"

"ಅಮ್ಮಿ ಮೇಲೆ ಹಾಕಿದಾಗ ನೀವ್ಯಾಕೆ ಬಾಯಿ ಬಿಡ್ಲಿಲ್ಲ?"

"ಒಂದು ಎಲೆಗೆ ಹಲ್ಲು ಕೆಡ್ತದೆ ಅಂತ ಯಾರಿಗೆ ಗೊತ್ತಿತ್ತು?"

"ದಿನಕ್ಕೆ ಮೂರು ಸಲ ಹೇಳಿದ್ದೆ ಅಬ್ಬ!"

"ಹೇಳಿದ್ದೆ, ಹೇಳಿದ್ದೆ! ನಾನು ಕೈ ಹಾಕಿರೋ ಕೆಲಸಕ್ಕೆ ಇಡೀ ಊರಲ್ಲಿ ಯಾವನೂ ಹೆಸರಿಟ್ಟಿಲ್ಲ. ತಗೋ ನಿನ್ನ ಬ್ರಶ್ಶು. ನೀನೇ ಕಟ್ಕೋ." ಅಕ್ಕಿ ಡಬ್ಬಿಯ ಹಿಂದಿನಿಂದ ಎಲೆಯ ಪೊಟ್ಟಣ ತೆಗೆದು, ಜಗಲಿಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತು ಸುಣ್ಣ ಹಚ್ಚಿದರು. ಗಲ್ಲಿಯಲ್ಲಿ ಹೋಗಿಬರುವವರು ನಿಂತು ನೋಡಿದರು. ಸಾಬರು ಯಾರಿಗೂ ಮುಖ ಮರೆಸಲಿಲ್ಲ.

ಶುಕ್ರವಾರ ಇಡೀ ದಿನ ಮೆಹರೀನ್ ಹೊಸ ಬ್ರಶ್ಶು ಹಿಡಿದು ಒಬ್ಬಳೇ ಕೂತಳು. ಅಬ್ಬ ಕಟ್ಟಿದ್ದನ್ನು ತೊಳೆದು ಹಾಕಿ ಮೊದಲಿನಿಂದ ಏರಿಸಿದಳು. ಒಮ್ಮೆ ಬಿರುಕು ಬಿಟ್ಟಿತು, ಇನ್ನೊಮ್ಮೆ ಒಂದು ಹಲ್ಲು ಅಗಲವಾಯಿತು. ಮೂರನೇ ಸಲ ಎರಡೂ ಒಂದೇ ಅಳತೆಗೆ ಬಂದವು. ಒಂದೂ ಚುಕ್ಕೆ ಇರಲಿಲ್ಲ. ಶನಿವಾರ ಬೆಳಿಗ್ಗೆ ಹಾರುವ ಹೆಜ್ಜೆಯಲ್ಲಿ ಡಾಕ್ಟರ ಹತ್ತಿರ ಹೋದಳು.

ಡಾಕ್ಟರ್ ತಿಪ್ಪೇಸ್ವಾಮಿ ಹಲ್ಲುಗಳನ್ನು ಹುಡುಗಿಯ ಬಾಯಿಯ ಅಚ್ಚಿನ ಮೇಲೆ ಕೂರಿಸಿ, ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಚುಕ್ಕೆ ಇಲ್ಲ. ಆದ್ರೆ ಇದು ಹಲ್ಲಲ್ಲಮ್ಮ, ಅಂಗಿ ಗುಂಡಿ. ಮೊದ್ಲು ಕಟ್ತಿದ್ದ ಕೈ ಎಲ್ಲೋಯ್ತು?"

"ಅಬ್ಬ... ಅವರಿಗೆ ಹುಷಾರಿಲ್ಲ ಸರ್."

"ಆ ಕೈ ಇದ್ರೆ ನಂಗೆ ಬೆಂಗಳೂರು ಬೇಡ. ಇಲ್ದಿದ್ರೆ ಬೆಂಗಳೂರೇ ವಾಸಿ. ಸಂಜೆ ಏಳರವರೆಗೂ ಕ್ಲಿನಿಕ್ಕಲ್ಲಿ ಇರ್ತೀನಿ. ಇನ್ನೊಂದ್ಸಲ ನೋಡ್ತೀಯಾ?"

ಅವಳು ಮನೆಗೆ ಬಂದಾಗ ಇಮ್ದಾದ್ ಟೇಪು ಹಿಡಿದು ಬೀದಿ ಕೋಣೆಯ ಗೋಡೆ ಅಳೆಯುತ್ತಿದ್ದ. ಅಮ್ಮಿ ಅವನನ್ನು ಬೈಯುತ್ತಿದ್ದರು. ಅಬ್ಬ ಜಗಲಿಯ ಮೇಲಿದ್ದರು, ಕೆನ್ನೆಯಲ್ಲಿ ಎಲೆ. ಮೆಹರೀನ್ ಡಾಕ್ಟರ ಮಾತನ್ನು ಒಂದಕ್ಷರ ಬಿಡದೆ ಎಲ್ಲರೆದುರೂ ಒಪ್ಪಿಸಿದಳು. ಅಂಗಿ ಗುಂಡಿ ಎಂದದ್ದನ್ನೂ ಬಿಡಲಿಲ್ಲ.

"ನನ್ನ ಕೈಯಲ್ಲಿ ಆಗಲ್ಲ ಅಬ್ಬ. ನಾನು ಅಷ್ಟೇ," ಎಂದಳು. ಅಳು ಬಂತು, ತಡೆಯಲಿಲ್ಲ.

ಸಾಬರು ಎದ್ದು ಹಿತ್ತಲಿಗೆ ಹೋದರು. ಎಲೆ ಉಗಿದು, ಬೆರಳಿಗೆ ಉಪ್ಪು ಹಚ್ಚಿ ಉಜ್ಜಿ, ನಲ್ಲಿಯ ಕೆಳಗೆ ಹತ್ತು ಸಲ ಮುಕ್ಕಳಿಸಿದರು. ಬಂದು ಮಗಳ ಮುಂದೆ ಕೂತು ಬಾಯಿ ತೆರೆದರು. "ನೋಡ್ಕೋ. ಆಮೇಲೆ ಮತ್ತೆ ಅನುಮಾನ ಬ್ಯಾಡ."

ಮೆಹರೀನ್ ಮೇಜಿನ ದೀಪ ಎಳೆದು ಹಿಡಿದಳು. ಎಡಗಡೆ ಕೆಳಗೆ ಮೂರು ದವಡೆ ಹಲ್ಲುಗಳ ಜಾಗ ಖಾಲಿ. ನಾಲ್ಕನೆಯದು ಮುರಿದ ಕಪ್ಪು ಬೊಡ್ಡೆ, ಅದರ ಸುತ್ತ ವಸಡು ಬಾತು ಕೆಂಡದ ಬಣ್ಣವಾಗಿತ್ತು.

"ಇದು ಯಾವಾಗಿಂದ ಅಬ್ಬ?"

"ನೀನು ಓದಕ್ಕೋದಾಗ್ಲೇ ಶುರುವಾಗಿತ್ತು. ಉದುರೋವು ಉದುರಿದ್ವು. ಇದೊಂದು ಹಿಡ್ಕೊಂಡದೆ."

"ಡಾಕ್ಟರಿಗೆ ತೋರಿಸ್ಬಾರ್ದಾ?"

"ಊರೋರಿಗೆಲ್ಲ ಹಲ್ಲು ಕಟ್ಟೋ ಮನೆ. ನಾನೇ ಹೋಗಿ ಬಾಯಿ ತೆಗೆದು ಕೂತ್ರೆ ನಗಲ್ವಾ?" ಕೆನ್ನೆ ಹಿಡಿದುಕೊಂಡರು. "ಎಲೆಗೆ ಲವಂಗ ಇಟ್ಟು ಅಲ್ಲಿ ಒತ್ಕೊಂಡ್ರೆ ಎರಡು ಗಂಟೆ ನೋವು ಸುಮ್ನಿರ್ತದೆ. ಇಲ್ದಿದ್ರೆ ಕೈ ನಡುಗ್ತದೆ ಕಣಮ್ಮ. ನಡುಗೋ ಕೈಯಲ್ಲಿ ಹಲ್ಲು ಹೆಂಗೆ ಕಟ್ಲಿ? ಕಷ್ಟದ ಕೆಲಸ ಎಲ್ಲ ನೀನಿಲ್ಲದ ದಿನಕ್ಕೇ ಇಟ್ಕೊತಿದ್ದೆ."

ಖುರ್ಷಿದ್ ಬೇಗಂ ಬಾಗಿಲಿಗೆ ಒರಗಿ ನಿಂತಿದ್ದರು. "ನಂಗೂ ಹೇಳ್ಲಿಲ್ಲವಲ್ರೀ. ಚಪಲ ಅಂದ್ಕೊಂಡು ಎಷ್ಟು ಸಲ ಬೈದೆ."

"ನಡೀರಿ ಅಬ್ಬ, ಗಾಡಿ ತೆಗೀತೀನಿ," ಎಂದ ಇಮ್ದಾದ್. ಟೇಪು ಜೇಬಿಗೆ ಹೋಗಿತ್ತು. "ಮೊದ್ಲು ಕೀಳಿಸ್ಕೊಂಡು ಬರಾಣ."

"ಕಿತ್ರೆ ಇವತ್ತು ಕೆಲಸ ಆಗಲ್ಲ ಕಣ್ಲಾ. ಆ ಹುಡುಗಿದು ಸೋಮವಾರ ಮದುವೆ." ಸಾಬರು ಮೇಜಿಗೆ ಕೂತು ಕೈ ಚಾಚಿದರು. "ಬ್ರಶ್ ಕೊಡಮ್ಮ."

ಮೆಹರೀನ್ ಗುಂಡಿಗಳಂತಿದ್ದ ಆ ಪಿಂಗಾಣಿಯನ್ನು ಉಜ್ಜಿ ತೆಗೆದು ಲೋಹ ಸ್ವಚ್ಛ ಮಾಡಿಕೊಟ್ಟಳು. ಸಾಬರು ಬ್ರಶ್ಶು ಎತ್ತಿದರು. ತುದಿ ಗಡಗಡ ನಡುಗಿತು. ಅದನ್ನು ಕೆಳಗಿಟ್ಟು ಉಸಿರು ಬಿಟ್ಟು ಮತ್ತೆ ಎತ್ತಿದರೂ ಹಾಗೆಯೇ ನಡುಗಿತು. ಖುರ್ಷಿದ್ ಬೇಗಂ ಒಳಗೆ ಹೋಗಿ ಬಿಸಿನೀರಿನ ಪಾತ್ರೆ, ಬಟ್ಟೆ ತಂದರು. ಲೋಬಾನದ ಜಗಳವಾದ ಮೇಲೆ ಅವರು ಆ ಕೋಣೆಗೆ ಕಾಲಿಟ್ಟದ್ದು ಇದೇ ಮೊದಲು.

"ಬಟ್ಟೆ ತರಬಹುದೇನೇ ಇಲ್ಲಿಗೆ? ನೂಲು ಬೀಳಲ್ವಾ?" ಎಂದು ಮಗಳನ್ನು ಕೇಳಿದರು.

"ಬಾ ಅಮ್ಮಿ," ಎಂದಳು ಮೆಹರೀನ್. "ನಿನ್ನ ಮೇಲೆ ಸುಮ್ಮಸುಮ್ಮನೆ ಹಾಕ್ಬಿಟ್ಟೆ. ತಪ್ಪಾಯ್ತು."

"ಆಮೇಲೆ ಹೇಳುವಂತೆ ಅದನ್ನ, ನಿಧಾನಕ್ಕೆ." ಅವರು ಗಂಡನ ಎಡಕ್ಕೆ ಸ್ಟೂಲು ಹಾಕಿ ಕೂತು ಬಿಸಿ ಬಟ್ಟೆಯನ್ನು ದವಡೆಗೆ ಒತ್ತಿ ಹಿಡಿದರು. "ಸುಡ್ತದಾ?"

"ಇನ್ನೂ ಒತ್ತು."

ನಾಲ್ಕು ಗಂಟೆಯವರೆಗೂ ಅವರು ಕೈ ತೆಗೆಯಲಿಲ್ಲ. ಬಟ್ಟೆ ಆರಿದಾಗ ಇಮ್ದಾದ್ ಬಿಸಿನೀರು ಬದಲಿಸಿದ. ಬ್ರಶ್ಶಿನ ತುದಿ ಮೊಂಡಾದಾಗಲೆಲ್ಲ ಸಾಬರ ಕೈ ತಾನಾಗಿ ತುಟಿಯ ಕಡೆ ಹೋಗುತ್ತಿತ್ತು. ಹೋದಾಗಲೆಲ್ಲ ಮೆಹರೀನ್ ಒದ್ದೆ ಕಾಗದ ಮುಂದೆ ಹಿಡಿಯುತ್ತಿದ್ದಳು. ಮೊದಲ ಸುಡುವಿಕೆ, ತಿದ್ದುವುದು, ಎರಡನೆಯದು, ಕಡೆಗೆ ಹೊಳಪು. ಆರೂವರೆಗೆ ಇಮ್ದಾದನ ಗಾಡಿಯಲ್ಲಿ ಅಪ್ಪ, ಮಗ, ಮಗಳು ಮೂವರೂ ಒತ್ತಿಕೊಂಡು ಹೊರಟರು.

ಡಾಕ್ಟರು ಹಲ್ಲುಗಳನ್ನು ಅಚ್ಚಿನ ಮೇಲೆ ಕೂರಿಸಿದರು. "ಇದು ಹಲ್ಲು," ಎಂದರು. "ಮಂಗಳವಾರ ಬಾಮ್ಮ, ಇನ್ನೂ ಆರು ಅವೆ." ಆಮೇಲೆ ಮೂಲೆಯಲ್ಲಿ ಕೆನ್ನೆ ಹಿಡಿದು ನಿಂತಿದ್ದ ಸಾಬರನ್ನು ಕಂಡು ಕುರ್ಚಿಗೆ ಕೂರಿಸಿದರು. ದೀಪ ಇಳಿಸಿ ಒಳಗೆ ನೋಡಿ, ಬೊಡ್ಡೆಯ ಸುತ್ತ ಹತ್ತಿ ತುರುಕಿದರು.

"ಇದನ್ನ ಬಾಯಲ್ಲಿಟ್ಕೊಂಡು ಅಂಥ ಕೆಲಸ ಹೆಂಗೆ ಮಾಡಿದ್ರಿ ಸಾಬ್ರೆ? ಮನೇಲಿ ಯಾರೂ ನೋಡ್ಲಿಲ್ವಾ?"

ಸಾಬರ ಬಾಯಿ ತುಂಬ ಹತ್ತಿ ಇತ್ತು. ಅವರು ಮಗಳ ಕಡೆ ನೋಡಿ, ಏನೂ ಹೇಳಬೇಡ ಎಂಬಂತೆ ಕೈ ಆಡಿಸಿದರು.

ಮೆಹರೀನ್ ಆ ಕೈಯನ್ನು ಹಿಡಿದುಕೊಂಡಳು. "ಇಲ್ಲ ಸರ್," ಎಂದಳು. "ನಾನು ನೋಡ್ಲಿಲ್ಲ."